ಫಿಲ್ಲರ್ ಬಿಚ್ಚದೆ ಡ್ರೈನ್ ಮುಟ್ಟಬೇಡಿ

ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್. ಮೂರನ್ನೂ ಒಟ್ಟಿಗೆ ಬದಲಾಯಿಸುವ ಹೊತ್ತು ಬಂದಿತ್ತು. ಕಾರು ಹಳೆಯದು. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಮಾದರಿ, ಗೇರು ಕೈಯಲ್ಲಿ ಹಾಕುವಂಥದ್ದು. ಈ ಸಲ ನಾನೇ ಮಾಡುತ್ತೇನೆ ಅಂದಾಗ ತಮ್ಮ ಕೇಳಿದ್ದು ಒಂದೇ ಮಾತು: “ಬೋಲ್ಟ್ ಬಿಚ್ಚೋಕೆ ಜಾಸ್ತಿ ಬಲ ಬೇಕಲ್ವಾ ಅಣ್ಣ?”

ಬಲ ಬೇಕು, ನಿಜ. ಆದರೆ ಬಿಚ್ಚುವುದು ಅರ್ಧ ನಿಮಿಷದ ಕೆಲಸ. ಕೈ ಹಾಕಿರುವುದು ಸರಿಯಾದ ಬೋಲ್ಟಿಗೇ ಹೌದೋ ಅಲ್ಲವೋ, ಖಾಲಿ ಮಾಡಿದ ಮೇಲೆ ಮತ್ತೆ ತುಂಬಿಸಲು ದಾರಿ ಇದೆಯೋ ಇಲ್ಲವೋ, ಇವೆರಡನ್ನು ಖಾತ್ರಿ ಮಾಡಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ.

ಮೊದಲು ಕಾರನ್ನು ಎತ್ತಬೇಕು. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಗಟ್ಟೆ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಭಾರ ಸ್ಟ್ಯಾಂಡ್‌ಗಳ ಮೇಲೆ ಕೂರಬೇಕು, ಅದೂ ಕೈಪಿಡಿಯಲ್ಲಿ ತೋರಿಸಿರುವ ಜಾಗದಲ್ಲೇ. ಕೂರಿಸಿದ ಮೇಲೆ ಪಕ್ಕದಲ್ಲಿ ನಿಂತು ಕಾರನ್ನು ಒಮ್ಮೆ ಚೆನ್ನಾಗಿ ಅಲ್ಲಾಡಿಸಿ ನೋಡುತ್ತೇನೆ. ಬೀಳುವುದಿದ್ದರೆ ನಾನು ಕೆಳಗೆ ಇಲ್ಲದಿರುವಾಗಲೇ ಬೀಳಲಿ. ಈ ವಿಷಯದಲ್ಲಿ ನನ್ನದು ಸ್ವಲ್ಪ ಅತಿ ಅಂತ ಮನೆಯವರು ನಗುತ್ತಾರೆ, ನಗಲಿ.

ಕೆಳಗೆ ಹೋಗಿ ಮಲಗಿದರೆ ಮೊದಲು ಕಾಣುವುದು ಬೋಲ್ಟಲ್ಲ, ಕಪ್ಪು ಪ್ಲಾಸ್ಟಿಕ್ ತಟ್ಟೆ. ಈಚಿನ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಕೆಳಗೆ ಇಂಥ ಕವರ್ ಇರುತ್ತದೆ. ಕೆಲವದರಲ್ಲಿ ಡ್ರೈನ್ ಪ್ಲಗ್‌ಗೆ, ಅಂದರೆ ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟಿಗೆ, ನೇರವಾಗಿ ಒಂದು ಚಿಕ್ಕ ಬಾಗಿಲು ಬಿಟ್ಟಿರುತ್ತಾರೆ. ನನ್ನದರಲ್ಲಿ ಇರಲಿಲ್ಲ, ಹಾಗಾಗಿ ಇಡೀ ಕವರ್ ಇಳಿಸಿದೆ. 10 ಎಂಎಂ ಸ್ಕ್ರೂಗಳು, ನಡುವೆ ಪ್ಲಾಸ್ಟಿಕ್ ಕ್ಲಿಪ್‌ಗಳು. ಕ್ಲಿಪ್‌ನ ನಡುವಿನ ಮೊಳೆಯನ್ನು ಮೊದಲು ಎಬ್ಬಿಸಿ ಆಮೇಲೆ ಹೊರಗೆಳೆದರೆ ಮುರಿಯುವುದಿಲ್ಲ. ಸುಮ್ನೆ ಎಳೆದರೆ ಕಾಲು ಮುರಿದು ಅಲ್ಲೇ ಉಳಿಯುತ್ತದೆ.

ಕವರ್ ಇಳಿದ ಮೇಲೆ ನಾನು ಸ್ಪ್ಯಾನರ್ ಹಿಡಿಯಲಿಲ್ಲ, ಟಾರ್ಚ್ ಹಿಡಿದೆ. ಕೆಳಗಿನಿಂದ ನೋಡಿದರೆ ಎಲ್ಲಾ ಒಂದೇ ಬೂದು ಬಣ್ಣದ ಲೋಹ, ಎಲ್ಲಾ ಕಡೆ ಬೋಲ್ಟ್. ಆದರೆ ಗುರುತು ಹಿಡಿಯಲು ದಾರಿ ಇದೆ. ಎಂಜಿನ್ ಅಡ್ಡಲಾಗಿ ಕೂತಿರುವ ಕಾರಿನಲ್ಲಿ ಬೆಲ್ಟ್‌ಗಳು ಇರುವ ಕಡೆ ಎಂಜಿನ್, ಅದರ ಎದುರು ತುದಿಯಲ್ಲಿ ಗೇರ್ ಬಾಕ್ಸ್. ನಡುವೆ ಎರಡೂ ಸೇರುವ ದಪ್ಪ ಅಂಚು ಕಾಣುತ್ತದೆ. ಎಂಜಿನ್ ಕಡೆ ಕೆಳಗೆ ನೇತಾಡುವ ತೊಟ್ಟಿಯೇ ಆಯಿಲ್ ಚೇಂಬರ್. ಅದು ತಗಡಿನದಾದರೆ ಸಾಮಾನ್ಯವಾಗಿ ಕಪ್ಪು ಬಣ್ಣ ಬಳಿದಿರುತ್ತದೆ. ಅಂಚಿನ ಸುತ್ತ ಸಾಲಾಗಿ ಚಿಕ್ಕ ಬೋಲ್ಟ್‌ಗಳು ಇರುತ್ತವೆ. ಅವು ಚೇಂಬರನ್ನು ಹಿಡಿದಿರುವ ಬೋಲ್ಟ್‌ಗಳು, ಅವುಗಳ ಹತ್ತಿರವೂ ಹೋಗಬಾರದು. ಡ್ರೈನ್ ಪ್ಲಗ್ ಅವುಗಳಿಗಿಂತ ದಪ್ಪ, ಒಂಟಿ, ಚೇಂಬರಿನ ತೀರಾ ತಗ್ಗಿನಲ್ಲಿ ಇರುತ್ತದೆ. ಅದರ ಸುತ್ತ ಲೋಹ ಸ್ವಲ್ಪ ಉಬ್ಬಿರುತ್ತದೆ, ಬುಡದಲ್ಲಿ ವಾಷರಿನ ಅಂಚು ಕಾಣುತ್ತದೆ.

ಗೇರ್ ಬಾಕ್ಸ್ ಹಾಗಲ್ಲ. ಅದು ಒರಟು ಅಲ್ಯುಮಿನಿಯಂ ಎರಕ, ಮೇಲೆಲ್ಲಾ ಗೆರೆಗೆರೆ ಉಬ್ಬುಗಳು. ಚಕ್ರಗಳಿಗೆ ಹೋಗುವ ಆಕ್ಸಲ್‌ಗಳು ಅದರ ಹೊಟ್ಟೆಯಿಂದಲೇ ಹೊರಡುತ್ತವೆ. ಈ ಮಾದರಿಯ ಹೆಚ್ಚಿನ ಮ್ಯಾನ್ಯುಯಲ್ ಕಾರುಗಳಲ್ಲಿ, ಎರಡು ಕಡೆಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕೂಡ ಅದೇ ಪೆಟ್ಟಿಗೆಯೊಳಗೆ, ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ. ಆಕ್ಸಲ್ ಹೊರಬರುವ ಜಾಗದ ಆಸುಪಾಸಿನಲ್ಲಿ ಕೆಳಮುಖವಾಗಿರುವ ದೊಡ್ಡ ಪ್ಲಗ್ ಹುಡುಕಿದರೆ ಸಾಮಾನ್ಯವಾಗಿ ಡ್ರೈನ್ ಸಿಗುತ್ತದೆ. ಮೇಲೆ, ಪಕ್ಕದ ಗೋಡೆಯಲ್ಲಿ, ಇನ್ನೊಂದು ಪ್ಲಗ್ ಇರುತ್ತದೆ. ಅದು ಫಿಲ್ಲರ್, ಹೊಸ ಆಯಿಲ್ ತುಂಬಿಸುವ ಜಾಗ.

ಇಲ್ಲಿ ಒಂದು ಅಪಾಯ ಇದೆ. ಗೇರ್ ಬಾಕ್ಸಿನ ಮೈಮೇಲೆ ಪ್ಲಗ್‌ನಂತೆ ಕಾಣುವ ಇನ್ನೂ ಕೆಲವು ಬೋಲ್ಟ್‌ಗಳು ಇರುತ್ತವೆ. ಗೇರು ಹಾಕಿದಾಗ ಟಕ್ ಅಂತ ಜಾಗಕ್ಕೆ ಕೂರುತ್ತದಲ್ಲ, ಅದಕ್ಕಾಗಿ ಒಳಗೆ ಸ್ಪ್ರಿಂಗ್ ಮತ್ತು ಗುಂಡು ಇಟ್ಟು ಹೊರಗಿನಿಂದ ಬೋಲ್ಟ್ ಮುಚ್ಚಿರುತ್ತಾರೆ. ಅದನ್ನು ಬಿಚ್ಚಿದರೆ ಆಯಿಲ್ ಬರುವುದಿಲ್ಲ, ಸ್ಪ್ರಿಂಗ್ ಹೊರಗೆ ಬರುತ್ತದೆ. ಗುಂಡು ಎಲ್ಲಿ ಹೋಯಿತು ಅಂತ ಹುಡುಕುತ್ತಾ ಕೂರಬೇಕಾಗುತ್ತದೆ. ಆದ್ದರಿಂದ ಕೈಪಿಡಿಯ ಚಿತ್ರ ಪಕ್ಕದಲ್ಲಿಟ್ಟುಕೊಂಡು, ಹೌದು ಅನ್ನಿಸಿದ ಪ್ಲಗ್‌ಗಳಿಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಚುಕ್ಕೆ ಇಟ್ಟೆ. ಎಂಜಿನ್ನಿಗೆ ಒಂದು ಚುಕ್ಕೆ, ಗೇರಿಗೆ ಎರಡು.

ಎಲ್ಲಾ ವಾಹನದಲ್ಲೂ ಲೆಕ್ಕ ಇಷ್ಟು ಸುಲಭ ಅಲ್ಲ. ಎಂಜಿನ್ ಉದ್ದಕ್ಕೆ ಕೂತಿರುವ ಕೆಲವು ಕಾರುಗಳಲ್ಲಿ ಎಂಜಿನ್, ಮುಂದಿನ ಡಿಫರೆನ್ಷಿಯಲ್, ಗೇರ್ ಬಾಕ್ಸ್ ಮೂರರ ಡ್ರೈನ್‌ಗಳೂ ಒಂದರ ಹಿಂದೆ ಒಂದು ಸಾಲಾಗಿ ಬರುತ್ತವೆ. ಎಂಜಿನ್ ಆಯಿಲ್ ಅಂದುಕೊಂಡು ಆಟೊಮ್ಯಾಟಿಕ್ ಗೇರಿನ ಆಯಿಲ್ ಇಳಿಸಿ, ಮೇಲಿನಿಂದ ಎಂಜಿನ್ನಿಗೆ ಹೊಸ ಆಯಿಲ್ ಸುರಿಯುವವರು ಇರುತ್ತಾರೆ. ಆಗ ಎಂಜಿನ್ನಿನಲ್ಲಿ ಎರಡು ಪಟ್ಟು ಆಯಿಲ್, ಗೇರ್ ಬಾಕ್ಸಿನಲ್ಲಿ ಬೇಕಾದಷ್ಟು ಇಲ್ಲ. ಅನುಮಾನ ಇದ್ದರೆ ನಾನು ಮಾಡುವುದು ಇಷ್ಟು: ಪ್ಲಗ್ ಅನ್ನು ಪೂರ್ತಿ ಬಿಚ್ಚದೆ ತುಸು ಸಡಿಲಿಸಿ, ಒಂದೆರಡು ಹನಿ ಬಿಳಿ ಬಟ್ಟೆಯ ಮೇಲೆ ಹಿಡಿದು, ಮತ್ತೆ ಬಿಗಿ ಮಾಡುತ್ತೇನೆ. ಓಡಿದ ಎಂಜಿನ್ ಆಯಿಲ್ ಕಪ್ಪು ಅಥವಾ ಗಾಢ ಕಂದು. ಆಟೊಮ್ಯಾಟಿಕ್ ಗೇರಿನದು ಬಹಳಷ್ಟು ಸಲ ಕೆಂಪು, ಹಳತಾದರೆ ಕೆಂಗಂದು. ಮ್ಯಾನ್ಯುಯಲ್ ಗೇರಿನದು ಮಂದ, ಮೂಗಿಗೆ ಹಿಡಿದರೆ ಗಂಧಕದ ಕೆಟ್ಟ ವಾಸನೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಒಗೆದರೂ ಹೋಗುವುದು ಕಷ್ಟ.

ಎಂಜಿನ್ ಆಯಿಲಿಂದ ಶುರು ಮಾಡಿದೆ. ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಿದ್ದೆ. ಬೆಚ್ಚಗಿದ್ದರೆ ಆಯಿಲ್ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿ ಇರಬಾರದು, ಏಕೆಂದರೆ ಮೊದಲ ಧಾರೆ ಬೀಳುವ ದಾರಿಯಲ್ಲೇ ಕೈ ಇರುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು ಬೇರೆ. ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದಿಟ್ಟೆ, ಗಾಳಿ ಒಳಗೆ ಹೋದರೆ ಧಾರೆ ಗಳಗಳ ಅನ್ನದೆ ಸಲೀಸಾಗಿ ಬರುತ್ತದೆ.

ಪ್ಲಗ್ ತಲೆ 17 ಎಂಎಂ. ಬೇರೆ ಕಾರುಗಳಲ್ಲಿ 13, 14, 19 ಕೂಡ ಸಿಗುತ್ತದೆ. ಕೆಲವದರಲ್ಲಿ ತಲೆಯೇ ಇರುವುದಿಲ್ಲ, ಒಳಗೆ ಆರು ಮೂಲೆಯ ಅಥವಾ ನಕ್ಷತ್ರದ ಗುಂಡಿ, ಇಲ್ಲವೇ ಚೌಕ. ನನ್ನ ಪ್ಲಗ್‌ನ ಮೂಲೆಗಳು ಆಗಲೇ ಸವೆದು ದುಂಡಗಾಗುತ್ತಾ ಬಂದಿದ್ದವು. ಹಿಂದಿನ ಸಲ ಬಿಗಿ ಮಾಡಿದವರು ಯಾರೋ ಪುಣ್ಯಾತ್ಮರು ಸಿಟ್ಟೆಲ್ಲ ಅದರ ಮೇಲೆ ತೀರಿಸಿಕೊಂಡಿದ್ದರು. ಹನ್ನೆರಡು ಮೂಲೆಯ ಸಾಕೆಟ್ ಹಾಕಿದರೆ ಇನ್ನಷ್ಟು ಜಾರುವುದು ಖಂಡಿತ. ಆರು ಮೂಲೆಯದೇ ಬೇಕು. ಅದು ಮೂಲೆಯನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಬದಿಯನ್ನು ಹಿಡಿಯುತ್ತದೆ. ತಂತಿ ಬ್ರಷ್‌ನಿಂದ ತಲೆಯ ಸುತ್ತ ಗಟ್ಟಿಯಾಗಿದ್ದ ಮಣ್ಣು, ಜಿಡ್ಡು ಕೆರೆದೆ. ಕೆರೆಯದಿದ್ದರೆ ಸಾಕೆಟ್ ಪೂರ್ತಿ ಕೂರುವುದಿಲ್ಲ, ಅರ್ಧ ಕೂತ ಸಾಕೆಟ್ಟೇ ತಲೆಯನ್ನು ತಿನ್ನುವುದು.

ಯಾವ ಕಡೆ ತಿರುಗಿಸಬೇಕು? ನಗಬೇಡಿ. ಅಂಗಾತ ಮಲಗಿ, ಕೈ ತಲೆಯಿಂದ ಆಚೆ ಚಾಚಿರುವಾಗ ಎಡಬಲ ಎಲ್ಲಾ ಅದಲುಬದಲಾಗುತ್ತದೆ. ನಿಯಮ ಒಂದೇ: ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುತ್ತಿದ್ದೇನೆ ಅಂದುಕೊಂಡು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಬೇಕು. ಪ್ಲಗ್ ಎತ್ತ ಮುಖ ಮಾಡಿದ್ದರೂ ಇದು ಬದಲಾಗುವುದಿಲ್ಲ. ಬಿಗಿಯಾದ ಪ್ಲಗ್ ಅನ್ನು ಉಲ್ಟಾ ತಿರುಗಿಸಿ ಅಲ್ಯುಮಿನಿಯಂ ಥ್ರೆಡ್ ಹರಿದವರ ಕಥೆ ಕೇಳಿದ್ದೇನೆ. ಆದ್ದರಿಂದ ಬಲ ಹಾಕುವ ಮುಂಚೆ ಗಾಳಿಯಲ್ಲಿ ಬೆರಳು ತಿರುಗಿಸಿ ನೋಡಿಕೊಳ್ಳುತ್ತೇನೆ.

ಗಟ್ಟಿ ಕೂತ ಬೋಲ್ಟಿಗೆ ನಿಧಾನವಾಗಿ ಬಲ ಏರಿಸಿದರೆ ಪ್ರಯೋಜನ ಕಡಿಮೆ. ಉದ್ದ ಹಿಡಿಯ ಬಾರ್ ಹಾಕಿ, ಒಂದು ಕೈಯಲ್ಲಿ ಸಾಕೆಟ್ ತಲೆಯನ್ನು ಒತ್ತಿ ಹಿಡಿದು, ಇನ್ನೊಂದರಲ್ಲಿ ಗಿಡ್ಡ ಝಟಕಾ ಕೊಡಬೇಕು. ಸ್ಟ್ಯಾಂಡ್ ಮೇಲಿರುವ ಕಾರಿನ ಕೆಳಗೆ ಜೋರಾಗಿ ಎಳೆದಾಡುವುದು ಮಾತ್ರ ಬೇಡ. ನಾನು ಬಾರನ್ನು ನನ್ನ ಕಡೆಗೆ ಎಳೆಯುವ ಹಾಗೆ ಇಟ್ಟುಕೊಂಡು, ಅಂಗೈಯಿಂದ ಹೊಡೆದೆ. ಎರಡು ಸಲ ಏನೂ ಆಗಲಿಲ್ಲ. ಆಮೇಲೆ ಟಕ್ ಅಂತ ಒಣ ಸದ್ದು. ಬಿಟ್ಟಿತು. ಬಿಡದಿದ್ದರೆ ಒಂದು ಅಳತೆ ಚಿಕ್ಕ ಸಾಕೆಟ್ ಅನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವುದು ಅಂದುಕೊಂಡಿದ್ದೆ. ಅಷ್ಟಕ್ಕೆ ಹೋಗಬೇಕಾಗಲಿಲ್ಲ.

ಸಡಿಲವಾದ ಮೇಲೆ ಬಾರ್ ಪಕ್ಕಕ್ಕಿಟ್ಟು ಬೆರಳಿನಿಂದ ತಿರುಗಿಸುವುದು. ತಿರುಗಿಸುವಾಗ ಪ್ಲಗ್ ಅನ್ನು ಒಳಕ್ಕೆ ಒತ್ತಿ ಹಿಡಿದಿರಬೇಕು. ಹಾಗೆ ಮಾಡಿದರೆ ಥ್ರೆಡ್ ಪೂರ್ತಿ ಬಿಟ್ಟರೂ ಆಯಿಲ್ ಕೈಮೇಲೆ ಸೋರುವುದಿಲ್ಲ. ಕೊನೆಯ ಸುತ್ತು ಬಿಟ್ಟದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಪಟ್ಟನೆ ಪಕ್ಕಕ್ಕೆ ಎಳೆದು, ಕೈಯನ್ನು ಧಾರೆಯ ದಾರಿಯಿಂದ ಆಚೆ ಒಯ್ಯಬೇಕು. ಪ್ಲಗ್ ಹಿಂದಕ್ಕೆ ಮುಖ ಮಾಡಿದ್ದರೆ ಧಾರೆ ಮೊದಲು ಒಂದು ಗೇಣು ದೂರ ಚಿಮ್ಮುತ್ತದೆ, ಒಳಗಿನ ಮಟ್ಟ ಇಳಿದ ಹಾಗೆ ಹತ್ತಿರ ಹತ್ತಿರ ಬಂದು ಕೊನೆಗೆ ನೇರ ಕೆಳಗೆ ಬೀಳುತ್ತದೆ. ಟ್ರೇಯನ್ನು ಮೊದಲೇ ಹಿಂದಕ್ಕಿಟ್ಟು ಆಮೇಲೆ ಸರಿಸುತ್ತಾ ಹೋಗಬೇಕು. ಗಾಳಿ ಇದ್ದರೆ ಕೊನೆಯ ತೆಳು ಧಾರೆ ಟ್ರೇಯಿಂದ ಆಚೆಗೂ ಹಾರುತ್ತದೆ. ಕೆಳಗೆ ಹಳೆಯ ರಟ್ಟು ಹಾಸಿದ್ದು ಒಳ್ಳೆಯದಾಯಿತು.

ಪ್ಲಗ್ ಅನ್ನು ಬಟ್ಟೆಯಲ್ಲಿ ಒರೆಸಿ ನೋಡಿದೆ. ವಾಷರ್ ಇಲ್ಲ. ಟ್ರೇಯಲ್ಲಿ ಬಿದ್ದಿರಬೇಕು ಅಂತ ತಮ್ಮ ಹುಡುಕತೊಡಗಿದ. ಅದು ಅಲ್ಲಿರಲಿಲ್ಲ, ಚೇಂಬರಿಗೇ ಅಂಟಿಕೊಂಡಿತ್ತು. ಚಪ್ಪಟೆಯಾಗಿ ಕಪ್ಪಾಗಿದ್ದ ತಾಮ್ರದ ಬಳೆ, ನೋಡಿದರೆ ಚೇಂಬರಿನ ಭಾಗವೇ ಅನ್ನಿಸಬೇಕು. ಉಗುರಿನಿಂದ ಅಂಚು ಕೆರೆದಾಗ ಕಳಚಿ ಬಂತು. ಇದನ್ನು ಗಮನಿಸದೆ ಹೊಸ ವಾಷರ್ ಹಾಕಿದರೆ ಎರಡು ವಾಷರ್ ಒಂದರ ಮೇಲೊಂದು ಕೂರುತ್ತವೆ. ಆಮೇಲೆ ಆಯಿಲ್ ಸೋರುತ್ತದೆ, ಸೋರುತ್ತದೆ ಅಂತ ಮತ್ತಷ್ಟು ಬಿಗಿ ಮಾಡುತ್ತಾರೆ, ಕೊನೆಗೆ ಥ್ರೆಡ್ ಹೋಗುತ್ತದೆ. ತಾಮ್ರ, ಅಲ್ಯುಮಿನಿಯಂ ವಾಷರ್‌ಗಳು ಒಮ್ಮೆ ಅಮುಕಿ ಚಪ್ಪಟೆಯಾಗಿ ಸಂದು ಮುಚ್ಚುವಂಥವು. ಪ್ರತಿ ಸಲ ಹೊಸದು ಹಾಕುವುದೇ ಸರಿ. ತಲೆ ಸವೆದಿತ್ತಲ್ಲ, ನಾನು ಪ್ಲಗ್ ಕೂಡ ಹೊಸದೇ ತಂದಿಟ್ಟಿದ್ದೆ.

ಹೊಸ ಪ್ಲಗ್ ಅನ್ನು ಮೊದಲ ಕೆಲವು ಸುತ್ತು ಬರಿಗೈಯಲ್ಲೇ ಹಾಕಿದೆ. ಕೈಯಲ್ಲಿ ಸಲೀಸಾಗಿ ಹೋಗಲಿಲ್ಲ ಅಂದರೆ ಓರೆಯಾಗಿ ಕೂತಿದೆ ಅಂತ ಅರ್ಥ, ಆಗ ಬಿಚ್ಚಿ ಮತ್ತೆ ಹಾಕಬೇಕು. ಆಮೇಲೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್, ನನ್ನ ಕಾರಿಗೆ ಕೈಪಿಡಿ ಹೇಳಿದ್ದು 35 ನ್ಯೂಟನ್ ಮೀಟರ್. ರೆಂಚ್ ಕ್ಲಿಕ್ ಅಂದಾಗ ತಮ್ಮನಿಗೆ ನಂಬಿಕೆ ಬರಲಿಲ್ಲ. “ಇಷ್ಟೇನಾ? ಇನ್ನೊಂಚೂರು ಬಿಗಿ ಮಾಡೋಣ ಅಣ್ಣ.” ಬೇಡ ಅಂದೆ. ಹಿಂದಿನವರು ಇನ್ನೊಂಚೂರು ಅಂದದ್ದರ ಫಲವನ್ನೇ ಅಲ್ವಾ ಅರ್ಧ ಗಂಟೆ ಅನುಭವಿಸಿದ್ದು.

ಎಂಜಿನ್ನಿಗೆ ಹೊಸ ಆಯಿಲ್ ತುಂಬಿಸಿಯಾಯಿತು, ಈಗ ಗೇರ್ ಬಾಕ್ಸ್. ಇಲ್ಲಿ ಕ್ರಮ ಮುಖ್ಯ. ಎಂಜಿನ್ನಿಗಾದರೆ ತುಂಬುವ ಮುಚ್ಚಳ ಕೈಯಲ್ಲೇ ತಿರುಗುತ್ತದೆ, ಚಿಂತೆ ಇಲ್ಲ. ಗೇರ್ ಬಾಕ್ಸಿನ ಫಿಲ್ಲರ್ ಕೂಡ ಒಂದು ಪ್ಲಗ್ಗೇ, ಅದೂ ವರ್ಷಗಟ್ಟಲೆ ಯಾರೂ ಮುಟ್ಟದೆ ನೀರು ಕೆಸರು ತಿಂದ ಪ್ಲಗ್. ಡ್ರೈನ್ ಬಿಚ್ಚಿ ಆಯಿಲ್ ಎಲ್ಲಾ ಇಳಿಸಿದ ಮೇಲೆ ಫಿಲ್ಲರ್ ಬರುವುದಿಲ್ಲ ಅಂತ ಗೊತ್ತಾದರೆ ಕಾರು ಅಲ್ಲೇ ನಿಲ್ಲಬೇಕು. ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇಲ್ಲ. ಡಿಫರೆನ್ಷಿಯಲ್ ಬೇರೆ ಪೆಟ್ಟಿಗೆಯಲ್ಲಿದ್ದರೆ ಅದಕ್ಕೂ ಇದೇ ಮಾತು. ಹಾಗಾಗಿ ಮೊದಲು ಫಿಲ್ಲರ್, ಅದು ಬಂದರೆ ಮಾತ್ರ ಡ್ರೈನ್.

ಫಿಲ್ಲರ್‌ನಲ್ಲಿ ಚೌಕದ ಗುಂಡಿ ಇತ್ತು, ರ‍್ಯಾಚೆಟ್‌ನ ತುದಿಯೇ ಅದರಲ್ಲಿ ಕೂರುತ್ತದೆ. ಆದರೆ ಗುಂಡಿ ತುಂಬಾ ಮಣ್ಣು ಗಟ್ಟಿಯಾಗಿತ್ತು. ದಬ್ಬಳದಿಂದ ತಳದವರೆಗೂ ಕೆರೆದು ತೆಗೆದೆ. ರ‍್ಯಾಚೆಟ್ ಬದಲು ಉದ್ದ ಬಾರ್ ಹಾಕಿ ಎಳೆದೆ. ಕದಲಲಿಲ್ಲ. ಝಟಕಾ ಕೊಟ್ಟೆ, ಆಗಲೂ ಇಲ್ಲ. ಚೌಕದ ಅಂಚು ಬಿಟ್ಟುಕೊಡುವ ಸೂಚನೆ ಕಂಡಿತು, ಅಲ್ಲಿಗೇ ನಿಲ್ಲಿಸಿದೆ. ಪ್ಲಗ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಸುತ್ತಿಗೆಯಿಂದ ಪ್ಲಗ್ ಮೇಲೆ ಮೆಲ್ಲಗೆ ನಾಲ್ಕು ಏಟು ಕೊಟ್ಟು, ರಾತ್ರಿ ಹಾಗೇ ಬಿಟ್ಟೆ. ಡ್ರೈನ್ ಮುಟ್ಟಿರಲಿಲ್ಲವಾದ್ದರಿಂದ ಗೇರ್ ಬಾಕ್ಸಿನಲ್ಲಿ ಆಯಿಲ್ ಹಾಗೇ ಇತ್ತು. ಬೇಕಿದ್ದರೆ ಮರುದಿನ ಕಾರು ಓಡಿಸಬಹುದಿತ್ತು.

ಬೆಳಿಗ್ಗೆ ಹೀಟ್ ಗನ್ ತಂದೆ. ಬಿಸಿ ಮಾಡಿದ್ದು ಪ್ಲಗ್ಗನ್ನಲ್ಲ, ಅದರ ಸುತ್ತಲಿನ ಅಲ್ಯುಮಿನಿಯಂ ಗೋಡೆಯನ್ನು. ಅಷ್ಟೇ ಬಿಸಿಗೆ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಗೋಡೆಯ ರಂಧ್ರ ದೊಡ್ಡದಾಗುತ್ತದೆ, ಉಕ್ಕಿನ ಪ್ಲಗ್ ಅಷ್ಟು ದಪ್ಪವಾಗುವುದಿಲ್ಲ. ಆ ಕೂದಲೆಳೆ ಅಂತರ ಸಾಕು. ಸಿಂಪಡಿಸಿದ ಎಣ್ಣೆಯನ್ನು ಮೊದಲು ಚೆನ್ನಾಗಿ ಒರೆಸಿದ್ದೆ, ಬೆಂಕಿಯ ಜ್ವಾಲೆಯನ್ನಂತೂ ಹತ್ತಿರ ತರುವ ಮಾತೇ ಇಲ್ಲ. ಪಕ್ಕದ ರಬ್ಬರ್ ಹೊದಿಕೆಗೆ ಒದ್ದೆ ಬಟ್ಟೆ ಸುತ್ತಿದ್ದೆ. ಕೆಲವು ನಿಮಿಷ ಕಾಯಿಸಿ ಬಾರ್ ಹಾಕಿದಾಗ ಪ್ಲಗ್ ಕಿರ್ ಅಂತ ನರಳುತ್ತಾ ತಿರುಗಿತು. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಸದ್ದು ಅದೇ.

ಆಮೇಲೆ ಡ್ರೈನ್. ಅದು 24 ಎಂಎಂ ತಲೆ, ತಕರಾರಿಲ್ಲದೆ ಬಂತು. ಅದರ ಒಳತುದಿಯಲ್ಲಿ ಅಯಸ್ಕಾಂತ. ಅದರ ಮೇಲೆ ಕಾಡಿಗೆಯಂಥ ಬೂದು ಜಿಡ್ಡು ಮೆತ್ತಿಕೊಂಡಿತ್ತು. ಬೆರಳುಗಳ ನಡುವೆ ಉಜ್ಜಿ ನೋಡಿದೆ, ನುಣ್ಣಗಿತ್ತು, ಎಲ್ಲೂ ಚುಚ್ಚಲಿಲ್ಲ. ಗೇರುಗಳು ಸವೆಯುವಾಗ ಇಷ್ಟು ಪುಡಿ ಬರುವುದು ಸಹಜ. ಕೈಗೆ ಚೂರು ಸಿಕ್ಕರೆ, ಹಲ್ಲಿನ ತುಂಡು ಕಂಡರೆ, ಆಗ ಚಿಂತೆ ಮಾಡಬೇಕು. ಜಿಡ್ಡನ್ನು ಪೂರ್ತಿ ಒರೆಸಿ, ಹೊಸ ವಾಷರ್ ಹಾಕಿ ಪ್ಲಗ್ ಮುಚ್ಚಿದೆ.

ತುಂಬಿಸುವುದು ತಾಳ್ಮೆಯ ಕೆಲಸ. ರಂಧ್ರ ಪಕ್ಕಕ್ಕಿರುವುದರಿಂದ ಕೆಳಗಿನಿಂದ ಸುರಿಯಲು ಆಗುವುದಿಲ್ಲ. ಬಾನೆಟ್ ಕಡೆಯಿಂದ ಉದ್ದ ಪೈಪ್ ಇಳಿಸಿ, ಮೇಲೆ ಆಲಿಕೆ ಸಿಕ್ಕಿಸಿ, ತಮ್ಮ ಸುರಿಯುತ್ತಾ ಹೋದ. ಈ ಆಯಿಲ್ ಮಂದ, 75ಡಬ್ಲ್ಯು-90 ಅನ್ನುವ ಗ್ರೇಡ್, ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಗ್ರೇಡ್ ಜೊತೆಗೆ ಗೇರ್ ಆಯಿಲ್‌ನ ದರ್ಜೆ ಹೇಳುವ ಜಿಎಲ್-4 ಅಂತ ಇದೆಯಾ ನೋಡಿಕೊಂಡಿದ್ದೆ. ನನ್ನ ಕೈಪಿಡಿ ಕೇಳುವುದು ಅದನ್ನೇ. ಜಿಎಲ್-5ನಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ಗೇರ್ ಬಾಕ್ಸಿನೊಳಗಿನ ಹಿತ್ತಾಳೆ ಭಾಗಗಳಿಗೆ ಅದು ಒಗ್ಗುವುದಿಲ್ಲ. ಮಟ್ಟ ನೋಡಲು ಡಿಪ್‌ಸ್ಟಿಕ್ ಇಲ್ಲ, ಫಿಲ್ಲರ್ ರಂಧ್ರದಿಂದ ಆಯಿಲ್ ಹೊರಗೆ ತೊಟ್ಟಿಕ್ಕಲು ಶುರುವಾದರೆ ತುಂಬಿತು ಅಂತ. ಆದರೆ ಇದು ಕಾರು ಸಮತಟ್ಟಾಗಿ ನಿಂತಿದ್ದರೆ ಮಾತ್ರ ಸತ್ಯ. ಬರೀ ಮೂತಿ ಎತ್ತಿ ತುಂಬಿಸಿದರೆ ಮಟ್ಟ ತಪ್ಪುತ್ತದೆ. ಅದಕ್ಕೇ ತುಂಬಿಸುವ ಮುಂಚೆ ಹಿಂದಿನ ಕಡೆಯನ್ನೂ ಅಷ್ಟೇ ಎತ್ತರಕ್ಕೆ ಏರಿಸಿ ನಾಲ್ಕು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದೆ. ಇಳಿದ ಹಳೆ ಆಯಿಲನ್ನು ಅಳೆದಿಟ್ಟುಕೊಂಡಿದ್ದೆ, ಎರಡು ಲೀಟರಿಗೆ ತುಸು ಹೆಚ್ಚು. ಒಳಗೆ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ.

ಆಟೊಮ್ಯಾಟಿಕ್ ಇದ್ದವರು ಇದನ್ನೇ ಹಾಗೇ ಮಾಡಲು ಹೋಗಬೇಡಿ. ಕೆಲವದಕ್ಕೆ ಡ್ರೈನ್ ಪ್ಲಗ್ಗೇ ಇಲ್ಲ, ತಳದ ಟ್ರೇಯನ್ನೇ ಇಳಿಸಬೇಕು. ಇನ್ನು ಕೆಲವದರಲ್ಲಿ ಡ್ರೈನ್ ಅಂತ ಬಿಚ್ಚಿದ್ದು ನಿಜಕ್ಕೂ ಮಟ್ಟ ನೋಡುವ ಪ್ಲಗ್, ಒಳಗೆ ನಿಂತಿರುವ ಕೊಳವೆ ತೆಗೆಯುವವರೆಗೂ ಸ್ವಲ್ಪವೇ ಆಯಿಲ್ ಬರುತ್ತದೆ. ಮಟ್ಟವನ್ನು ಇಂತಿಷ್ಟೇ ಬಿಸಿ ಇರುವಾಗ, ಎಂಜಿನ್ ಓಡುತ್ತಿರುವಾಗ ನೋಡಬೇಕಾದವೂ ಇವೆ.

ಕೂಲೆಂಟ್‌ದು ಸುಲಭ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಅಷ್ಟೇ ಕಡ್ಡಾಯ. ರೇಡಿಯೇಟರಿನ ತಳದ ಮೂಲೆಯಲ್ಲಿ ಕೈಯಿಂದ ತಿರುಗಿಸುವ, ಕಿವಿಯಿರುವ ಪ್ಲಾಸ್ಟಿಕ್ ಡ್ರೈನ್ ಪ್ಲಗ್ ಇತ್ತು. ಹಳೆಯ ಪ್ಲಾಸ್ಟಿಕ್ ಇಕ್ಕಳ ಹಾಕಿದರೆ ಮುರಿಯುತ್ತದೆ, ಬೆರಳಲ್ಲೇ ಮುಗಿಸಿದೆ. ಮೇಲಿನ ಮುಚ್ಚಳ ತೆಗೆದ ಕೂಡಲೇ ಧಾರೆ ಜೋರಾಯಿತು. ಎಂಜಿನ್ ಬ್ಲಾಕಿನಲ್ಲಿ ಉಳಿದದ್ದು ಇದರಿಂದ ಬರುವುದಿಲ್ಲ, ಅದಕ್ಕೆ ಬ್ಲಾಕಿನಲ್ಲೇ ಬೇರೆ ಬೋಲ್ಟ್ ಇದೆ. ನನ್ನದರಲ್ಲಿ ಅದು ಸೈಲೆನ್ಸರ್ ಪೈಪಿನ ಹಿಂದೆ ಅಡಗಿತ್ತು. ಅದರ ತಂಟೆಗೆ ಹೋಗಲಿಲ್ಲ. ಡಿಸ್ಟಿಲ್ಡ್ ವಾಟರ್ ತುಂಬಿ, ಹೀಟರ್ ಬಿಸಿಗೆ ಇಟ್ಟು ಓಡಿಸಿ, ತಣಿದ ಮೇಲೆ ಮತ್ತೆ ಇಳಿಸಿ, ತಿಳಿ ನೀರು ಬರುವವರೆಗೂ ಹಾಗೇ ಮಾಡಿ, ಆಮೇಲೆ ಹೊಸ ಕೂಲೆಂಟ್ ತುಂಬಿಸಿದೆ. ಇಳಿದ ಕೂಲೆಂಟ್ ಅನ್ನು ತಕ್ಷಣ ಡಬ್ಬಿಗೆ ತುಂಬಿ ಮುಚ್ಚಿದೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಆದರೆ ಸಿಹಿ, ನಾಯಿ ಬೆಕ್ಕುಗಳು ನೆಕ್ಕುತ್ತವೆ, ಸಾಯುತ್ತವೆ.

ಇಷ್ಟೆಲ್ಲಾ ನೋಡಿದ ತಮ್ಮನಿಗೆ ತನ್ನ ಸ್ಕೂಟರ್ ನೆನಪಾಯಿತು. ಗೇರಿಲ್ಲದ ಸ್ಕೂಟರ್‌ಗಳಲ್ಲಿ ಎಂಜಿನ್ ಆಯಿಲ್‌ದು ಒಂದು ಬೋಲ್ಟ್, ಹಿಂದಿನ ಚಕ್ರದ ಪಕ್ಕದ ಗೇರ್ ಪೆಟ್ಟಿಗೆಗೆ ಇನ್ನೊಂದು ಚಿಕ್ಕ ಬೋಲ್ಟ್. ಅಲ್ಲೂ ಯಾವುದು ಯಾವುದು ಅಂತ ನೋಡಿಯೇ ಕೈ ಹಾಕಬೇಕು. ಕೆಲವದರಲ್ಲಿ ಎಂಜಿನ್ನಿನ ದೊಡ್ಡ ಮುಚ್ಚಳದ ಹಿಂದೆ ಸ್ಪ್ರಿಂಗ್, ಜಾಲರಿ ಇರುತ್ತವೆ. ಕೊನೆಯ ಸುತ್ತಿನಲ್ಲಿ ಸ್ಪ್ರಿಂಗ್ ಮುಚ್ಚಳವನ್ನು ಕೈಯಿಂದ ಹಾರಿಸುತ್ತದೆ. ಯಾವ ಕ್ರಮದಲ್ಲಿ ಬಂತು ಅಂತ ಫೋಟೊ ತೆಗೆದುಕೋ ಅಂತ ಹೇಳಿಟ್ಟೆ.

ಕಾರಿನ ಪ್ಲಗ್‌ಗಳನ್ನೆಲ್ಲ ಒಣ ಬಟ್ಟೆಯಲ್ಲಿ ಒರೆಸಿ, ಎಂಜಿನ್ ಓಡಿಸಿ, ಬೆರಳಾಡಿಸಿ ನೋಡಿದೆ. ಒಣಗಿತ್ತು. ಕೆಳಗಿನ ಕವರ್ ಮಾತ್ರ ಅವತ್ತೇ ಹಾಕಲಿಲ್ಲ. ಸಣ್ಣ ಸೋರಿಕೆ ಇದ್ದರೆ ಅದು ಕವರಿನ ಮೇಲೆ ಬಿದ್ದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ, ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ರಾತ್ರಿ ಕೆಳಗೆ ಹೊಸ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಅದರ ಮೇಲೆ ಹನಿ ಇಲ್ಲದ್ದು ನೋಡಿಯೇ ಕವರ್ ಏರಿಸಿದ್ದು. ಹಳೆ ಎಂಜಿನ್ ಆಯಿಲ್, ಗೇರ್ ಆಯಿಲ್ ಒಂದು ಡಬ್ಬಿಗೆ, ಕೂಲೆಂಟ್ ಬೇರೆ ಡಬ್ಬಿಗೆ. ಆಯಿಲ್‌ಗೆ ಕೂಲೆಂಟ್ ಬೆರೆತರೆ ಹಳೆ ಆಯಿಲ್ ತೆಗೆದುಕೊಳ್ಳುವವರು ಅದನ್ನು ಮುಟ್ಟುವುದಿಲ್ಲ. ಎರಡಕ್ಕೂ ಚೀಟಿ ಅಂಟಿಸಿ ಕೊಟ್ಟು ಬಂದೆ.